ಅರವತ್ತು ಸಾವಿರದ ಪಾಕೀಟು: ಇಳಿವಯಸ್ಸು ಮತ್ತು ವಿಟಮಿನ್ ಡಿ

ಧಾರವಾಡದಲ್ಲಿ ನಿವೃತ್ತರ ಮಾಸಿಕ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪವಿದು. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಕೊನೆಗೆ ನೂಕದೆ ಆಯಾ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಹಿರಿಯರಿಗೆಲ್ಲ ನಮಸ್ಕಾರ. ಈ ಸಭೆಗೆ ಕರೆಯಲು ನಿಮ್ಮವರಿಬ್ಬರು ಕಳೆದ ತಿಂಗಳು ನನ್ನ ಮನೆಗೆ ಬಂದಿದ್ದರು. ಮಾತು ಮುಗಿದು ಚಹಾ ಕುಡಿಯುತ್ತಿರುವಾಗ ಅವರಲ್ಲಿ ಹಿರಿಯರಾದ ಮಾಸ್ತರರು ಜುಬ್ಬಾದ ಕಿಸೆಯಿಂದ ಪುಡಿಯ ಪಾಕೀಟೊಂದನ್ನು ತೆಗೆದು ಮೇಜಿನ ಮೇಲಿಟ್ಟರು. "ಡಾಕ್ಟರ್ ಸಾಹೇಬ್ರ, ಇದನ್ನ ವಾರಕ್ಕೊಂದು ಹಾಲಿನಾಗ ಹಾಕ್ಕೊಂಡು ತಗೋರಿ ಅಂದ್ರು, ತಗೊಳ್ಳಾಕತ್ತೀನಿ. ಎಂದ ಬಿಡಬೇಕು ಅನ್ನೂದನ್ನ ಯಾರೂ ಹೇಳಲಿಲ್ಲ" ಎಂದರು. ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ, "ಎರಡು ದೀಪಾವಳಿ ಆದೂವು" ಎಂಬ ಉತ್ತರ ಬಂತು. ನಾನು ಆ ತನಕ ಬೇರೊಂದು ವಿಷಯವನ್ನು ಮಾತಾಡಬೇಕೆಂದಿದ್ದೆ. ಆ ಪಾಕೀಟನ್ನು ನೋಡಿದ ಮೇಲೆ ವಿಷಯ ಬದಲಾಯಿತು.

ಆ ಪಾಕೀಟಿನಲ್ಲಿ 60,000 ಯೂನಿಟ್ ವಿಟಮಿನ್ ಡಿ ಇರುತ್ತದೆ. ಎಪ್ಪತ್ತು ದಾಟಿದವರಿಗೆ ದಿನಕ್ಕೆ 800 ಯೂನಿಟ್ ಸಾಕೆಂದು 2010ರ ಕೊನೆಯಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ಸಮಿತಿ ಗೊತ್ತುಮಾಡಿತು. ಅಂದರೆ ಒಂದು ಪಾಕೀಟೆಂದರೆ ಎಪ್ಪತ್ತೈದು ದಿನಗಳ ಪಾಲು. ಕೊರತೆ ನಿಜವಾಗಿಯೂ ಇದ್ದಾಗ ವಾರಕ್ಕೊಂದರಂತೆ ಎಂಟು ವಾರ ಕೊಟ್ಟು ನಿಲ್ಲಿಸುವುದು ನಮ್ಮಲ್ಲಿ ಬಳಕೆಯಲ್ಲಿರುವ ಕ್ರಮ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನಮ್ಮ ಮಾಸ್ತರರು ಒಂದೇ ವರ್ಷ ತೆಗೆದುಕೊಂಡಿದ್ದಾರೆ ಎಂದು ಹಿಡಿದರೂ 52 ಪಾಕೀಟು, 31 ಲಕ್ಷ ಯೂನಿಟ್‌ಗಿಂತ ಹೆಚ್ಚಾಯಿತು. ಔಷಧ ಚೀಟಿಯಲ್ಲಿ ಶುರುವಾಗುವ ದಿನ ಇರುತ್ತದೆ, ಮುಗಿಯುವ ದಿನ ಇರುವುದಿಲ್ಲ. ಔಷಧ ಅಂಗಡಿಯವನೂ ಹಳೆಯ ಪಾಕೀಟು ತೋರಿಸಿದರೆ ಹೊಸದನ್ನು ಕೊಡುತ್ತಾನೆ. ಇಂದು ನಾನು ಹೇಳಬೇಕಾದದ್ದೆಲ್ಲ ಈ ಒಂದು ಎಳೆಯ ಸುತ್ತಲೇ ಇದೆ: ವಿಟಮಿನ್ ಡಿ ಕೊರತೆಯಿದ್ದವರಿಗೆ ಬಹಳ ಒಳ್ಳೆಯ ಔಷಧ, ಕೊರತೆಯಿಲ್ಲದವರಿಗೆ ಅದು ತಾಕತ್ತಿನ ಔಷಧವಾಗಿ ಕೆಲಸ ಮಾಡುವುದಿಲ್ಲ, ಮಿತಿಮೀರಿದರೆ ತಿರುಗಿಬೀಳುತ್ತದೆ.

ಮೊದಲು ಇದರ ಹುಟ್ಟನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮಕ್ಕಳ ಕಾಲೆಲುಬು ಬಿಲ್ಲಿನಂತೆ ಬಾಗುವ ರಿಕೆಟ್ಸ್ ಎಂಬ ರೋಗ ನೂರು ವರ್ಷದ ಹಿಂದೆ ಯುರೋಪಿನ ಹೊಗೆ ಮುಸುಕಿದ ಊರುಗಳಲ್ಲಿ ಮನೆಮನೆಯ ಕಥೆಯಾಗಿತ್ತು. 1919ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮೆಲನ್‌ಬಿ ನಾಯಿಮರಿಗಳಲ್ಲಿ ಆ ರೋಗ ಬರಿಸಿ ಕಾಡ್ ಮೀನಿನ ಎಣ್ಣೆಯಿಂದ ಅದನ್ನು ತಡೆಯಬಹುದೆಂದು ತೋರಿಸಿದರೆ, ಅದೇ ವರ್ಷ ಬರ್ಲಿನ್ನಿನ ಕುರ್ಟ್ ಹುಲ್ಡ್‌ಶಿನ್ಸ್ಕಿ ಎಂಬ ಮಕ್ಕಳ ವೈದ್ಯರು ಎಣ್ಣೆಯ ಗೊಡವೆಯೇ ಇಲ್ಲದೆ, ಅತಿನೇರಳೆ ಬೆಳಕಿನ ದೀಪದಿಂದ ಅದೇ ರೋಗವನ್ನು ಗುಣಪಡಿಸಿದರು. ಎಣ್ಣೆಯಲ್ಲಿದ್ದ ವಸ್ತುವಿಗೆ 1922ರಲ್ಲಿ ಅಮೆರಿಕದ ವಿಜ್ಞಾನಿ ಮೆಕಾಲಮ್ ವಿಟಮಿನ್ ಡಿ ಎಂದು ಹೆಸರಿಟ್ಟರು. ಎಣ್ಣೆಯೂ ಬೆಳಕೂ ಒಂದೇ ಕೆಲಸವನ್ನು ಹೇಗೆ ಮಾಡುತ್ತವೆ ಎಂಬ ಒಗಟು ಬಿಡಿಸಿದಾಗ, ಈ ವಿಟಮಿನ್ನನ್ನು ನಮ್ಮ ಚರ್ಮವೇ ತಯಾರಿಸಬಲ್ಲದು ಎಂಬುದು ಗೊತ್ತಾಯಿತು. ಚರ್ಮದಲ್ಲಿರುವ ಕೊಲೆಸ್ಟರಾಲಿನ ಹತ್ತಿರದ ಬಂಧುವೊಂದು ಬಿಸಿಲಿನ ಅತಿನೇರಳೆ-ಬಿ ಕಿರಣ ತಾಗಿದಾಗ ವಿಟಮಿನ್ ಡಿ ಆಗಿ ಮಾರ್ಪಡುತ್ತದೆ. ಅದು ಯಕೃತ್ತಿನಲ್ಲಿ ಒಮ್ಮೆ, ಮೂತ್ರಪಿಂಡದಲ್ಲಿ ಇನ್ನೊಮ್ಮೆ ಹದಗೊಂಡು ಕರುಳಿನಲ್ಲಿ ಕ್ಯಾಲ್ಸಿಯಂ ಹೀರುವ ಕೆಲಸಕ್ಕೆ ನಿಲ್ಲುತ್ತದೆ. ವಿಟಮಿನ್ ಡಿ ಸಾಲದಿದ್ದರೆ ಉಂಡ ಕ್ಯಾಲ್ಸಿಯಮ್ಮಿನಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲು ಮಾತ್ರ ಮೈಗೆ ಸೇರುತ್ತದೆ, ಸಾಕಷ್ಟಿದ್ದರೆ ಮೂವತ್ತು-ನಲವತ್ತು ಪಾಲು.

ಇಲ್ಲಿ ಮುಂದಿನ ಸಾಲಿನಿಂದ ಒಬ್ಬರು ಎದ್ದು, ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯನ್ನೇ ಕೇಳಿದರು: "ನಾ ಇಪ್ಪತ್ತು ವರ್ಷದಿಂದ ದಿನಾ ಮುಂಜಾನೆ ಆರಕ್ಕ ಕೆಸಿಡಿ ಗ್ರೌಂಡಿಗೆ ಹೋಗ್ತೀನಿ. ಎಳಿ ಬಿಸಲು ಮೈಮ್ಯಾಲೆ ಬೀಳ್ತದ. ನನಗ್ಯಾಕ ಕಡಿಮಿ ಬಂತು?" ಅವರ ವಾಕಿಂಗಿಗೆ ನನ್ನ ಆಕ್ಷೇಪವಿಲ್ಲ, ಅದರ ಲಾಭ ಹೃದಯಕ್ಕೂ ಕಾಲಿಗೂ ಬೇಕಾದಷ್ಟಿದೆ. ಆದರೆ ಎಳೆ ಬಿಸಿಲು ವಿಟಮಿನ್ ಡಿ ಕೊಡುತ್ತದೆ ಎಂಬ ನಂಬಿಕೆ ಬಹುಮಟ್ಟಿಗೆ ಹುಸಿ. ಸೂರ್ಯ ಕೆಳಗಿದ್ದಾಗ ಕಿರಣಗಳು ವಾತಾವರಣದಲ್ಲಿ ಓರೆಯಾಗಿ ಬಹುದೂರ ಸಾಗಿ ಬರಬೇಕಾಗುತ್ತದೆ. ಆ ದಾರಿಯಲ್ಲಿ ಅತಿನೇರಳೆ-ಬಿ ಕಿರಣವನ್ನು ಓಝೋನ್ ಪದರ ಬಹುಪಾಲು ನುಂಗಿಬಿಡುತ್ತದೆ. ನಮಗೆ ತಲುಪುವುದು ಹಿತವಾದ ಬೆಳಕು ಮತ್ತು ಬಿಸುಪು. ಇದನ್ನು ಅಳೆಯಲು ಯಂತ್ರ ಬೇಡ, ನಿಮ್ಮ ನೆರಳು ಸಾಕು. ನೆರಳು ನಿಮ್ಮ ಎತ್ತರಕ್ಕಿಂತ ಉದ್ದವಿದ್ದರೆ ಆ ಬಿಸಿಲಿನಲ್ಲಿ ವಿಟಮಿನ್ ಡಿ ತಯಾರಾಗುವುದು ಅತ್ಯಲ್ಪ; ನೆರಳು ನಿಮಗಿಂತ ಗಿಡ್ಡವಾದಾಗ ಕೆಲಸ ಶುರುವಾಗುತ್ತದೆ.

ಈ ಲೆಕ್ಕದಲ್ಲಿ ಧಾರವಾಡದವರು ಅದೃಷ್ಟವಂತರು. ನಾವು ಭೂಮಧ್ಯರೇಖೆಯಿಂದ ಸುಮಾರು ಹದಿನೈದೂವರೆ ಡಿಗ್ರಿ ಉತ್ತರಕ್ಕಿದ್ದೇವೆ. ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಡಿಸೆಂಬರಿನ ಅತಿ ಗಿಡ್ಡ ಹಗಲಿನಲ್ಲೂ ನಡುಹಗಲಿನ ನೆರಳು ಮನುಷ್ಯನ ಎತ್ತರವನ್ನು ಮೀರುವುದಿಲ್ಲ. ಲಂಡನ್ನಿನವರಿಗೆ ಚಳಿಗಾಲದ ತಿಂಗಳುಗಳಲ್ಲಿ ಈ ಸೌಕರ್ಯವೇ ಇಲ್ಲ. ನಮ್ಮಲ್ಲಿ ಸೂರ್ಯ ನೆತ್ತಿಗೇರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹೆಚ್ಚುಕಡಿಮೆ ಹನ್ನೆರಡೂವರೆಗೆ. ಹಾಗಾಗಿ ಡಿಸೆಂಬರಿನಲ್ಲಿ ಹನ್ನೊಂದರಿಂದ ಎರಡರವರೆಗೆ ಕೆಲಸಕ್ಕೆ ಬರುವ ಬಿಸಿಲಿರುತ್ತದೆ, ಮೇ ತಿಂಗಳಲ್ಲಿ ಒಂಬತ್ತೂವರೆಗೇ ಅದು ದೊರೆಯುತ್ತದೆ. ಗದಗ, ರೋಣ, ನರಗುಂದದ ಕಡೆಯಿಂದ ಬಂದವರಿಗೆ ಒಂದು ಎಚ್ಚರಿಕೆ ಹೇಳಬೇಕು: ಬೇಸಿಗೆಯ ನಡುಹಗಲಿನಲ್ಲಿ ವಿಟಮಿನ್ನಿನ ಆಸೆಗೆ ಬಯಲಿನಲ್ಲಿ ನಿಂತು ಬಿಸಿಲ ಹೊಡೆತ ತಗುಲಿಸಿಕೊಳ್ಳಬೇಡಿ, ಬೇಸಿಗೆಯಲ್ಲಿ ಹತ್ತು ಗಂಟೆಯೊಳಗಿನ ಬಿಸಿಲೇ ಸಾಕು. ಇನ್ನೊಂದು ವಿಷಯ, ಕಿಟಕಿಯ ಗಾಜು ಅತಿನೇರಳೆ-ಬಿ ಕಿರಣವನ್ನು ತಡೆಯುತ್ತದೆ. ಗಾಜಿನ ಹಿಂದೆ ಕುರ್ಚಿ ಹಾಕಿಕೊಂಡು ಪೇಪರ್ ಓದುವುದರಿಂದ ಮೈ ಬೆಚ್ಚಗಾದೀತು, ಅಷ್ಟೇ.

ಹಾಗಾದರೆ ಇಷ್ಟು ಬಿಸಿಲಿರುವ ನಾಡಿನಲ್ಲಿ ಕೊರತೆ ಏಕೆ? ಮೊದಲನೆಯದಾಗಿ ಚರ್ಮಕ್ಕೂ ವಯಸ್ಸಾಗುತ್ತದೆ. ಮ್ಯಾಕ್‌ಲಾಫ್ಲಿನ್ ಮತ್ತು ಹಾಲಿಕ್ ಎಂಬ ಸಂಶೋಧಕರು 1985ರಲ್ಲಿ ಎಳೆಯರ ಮತ್ತು ಎಂಬತ್ತರ ಆಸುಪಾಸಿನವರ ಚರ್ಮವನ್ನು ಹೋಲಿಸಿ, ಅದೇ ಬೆಳಕಿಗೆ ಮುದಿ ಚರ್ಮ ತಯಾರಿಸುವ ವಿಟಮಿನ್ ಡಿ ಅರ್ಧಕ್ಕಿಂತ ಕಡಿಮೆ ಎಂದು ತೋರಿಸಿದರು. ನಮ್ಮ ಕಪ್ಪು ಬಣ್ಣವೂ ಕಿರಣವನ್ನು ತಡೆಯುತ್ತದೆ, ಬಿಳಿಯರಿಗಿಂತ ನಮಗೆ ಹೆಚ್ಚು ಹೊತ್ತು ಬೇಕು. ಮೂತ್ರಪಿಂಡದ ಕಸುವು ತಗ್ಗಿದಂತೆ ಕೊನೆಯ ಹದ ಆಗುವುದೂ ನಿಧಾನವಾಗುತ್ತದೆ. ಇದೆಲ್ಲ ಮೈಯೊಳಗಿನ ಕಾರಣವಾಯಿತು, ಮನೆಯ ಕಾರಣ ಬೇರೆ ಇದೆ. ನನ್ನ ಅಜ್ಜಿ ಚೈತ್ರ-ವೈಶಾಖದಲ್ಲಿ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ ಒಣಹಾಕಿ, ಕಾಗೆ ಬಾರದಂತೆ ಕೋಲು ಹಿಡಿದು ಗಂಟೆಗಟ್ಟಲೆ ಕೂಡುತ್ತಿದ್ದಳು. ಧಾನ್ಯ ಹಸನು ಮಾಡುವುದು, ಮೆಣಸಿನಕಾಯಿ ಹರವುವುದು, ಹಿತ್ತಲ ಬಾವಿಯ ಕೆಲಸ, ಎಲ್ಲವೂ ಬಯಲಲ್ಲೇ. ಈಗ ಮೂರನೆಯ ಅಂತಸ್ತಿನ ಫ್ಲ್ಯಾಟಿನಲ್ಲಿರುವ ಅವಳ ವಯಸ್ಸಿನವರಿಗೆ ಅಂಗಳವಿಲ್ಲ, ಕೆಳಗಿಳಿಯಲು ಮೊಣಕಾಲು ಬಿಡುವುದಿಲ್ಲ. ತುಂಬು ತೋಳಿನ ಅಂಗಿ, ಧೋತರ, ತಲೆಯ ಮೇಲೆ ಸೆರಗು ಇದ್ದರೆ ಹೊರಗೆ ಹೋದರೂ ಬಿಸಿಲು ತಾಗುವುದು ಅಂಗೈಯಷ್ಟು ಜಾಗಕ್ಕೆ. ತಿರುಪತಿಯ ಸುತ್ತ ನಡೆದ ಅಧ್ಯಯನಗಳಲ್ಲಿ ಹೊಲದಲ್ಲಿ ದುಡಿಯುವ ಹಳ್ಳಿಯವರ ರಕ್ತದಲ್ಲಿನ ವಿಟಮಿನ್ ಡಿ ಮಟ್ಟ ಪಟ್ಟಣದವರಿಗಿಂತ ಮೇಲಿದ್ದದ್ದು ಇದೇ ಕಾರಣಕ್ಕೆ.

ಕೊರತೆ ದೀರ್ಘಕಾಲ ಉಳಿದರೆ ಎಲುಬು ಮೆತ್ತಗಾಗುತ್ತದೆ. ಇದನ್ನು ಎಲುಬು ಟೊಳ್ಳಾಗುವ ಆಸ್ಟಿಯೊಪೊರೊಸಿಸ್‌ನೊಂದಿಗೆ ಬೆರೆಸಬಾರದು. ಗೋಡೆಯ ಲೆಕ್ಕದಲ್ಲಿ ಹೇಳುವುದಾದರೆ, ಟೊಳ್ಳಾದ ಗೋಡೆಯಲ್ಲಿ ಇಟ್ಟಿಗೆಗಳೇ ಕಡಿಮೆ; ಮೆತ್ತಗಾದ ಗೋಡೆಯಲ್ಲಿ ಇಟ್ಟಿಗೆಗಳಿವೆ, ಸುಟ್ಟಿಲ್ಲ. ಎರಡೂ ಒಟ್ಟಿಗೆ ಇರುವುದು ಇಳಿವಯಸ್ಸಿನಲ್ಲಿ ಅಪರೂಪವೇನಲ್ಲ. ಮೆತ್ತಗಾದ ಎಲುಬಿನ ಗುರುತು ನಡ, ತೊಡೆ, ಪಕ್ಕೆಲುಬುಗಳಲ್ಲಿ ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ಆಳದ ನೋವು, ಮತ್ತು ತೊಡೆ-ಸೊಂಟದ ಸ್ನಾಯುಗಳ ಸೋಲು. ನೆಲದ ಮೇಲೆ ಊಟಕ್ಕೆ ಕೂತವರು ಕೈಯೂರದೆ ಏಳಲಾಗುವುದಿಲ್ಲ, ಮೆಟ್ಟಿಲು ಹತ್ತುವಾಗ ಕಟಕಟೆ ಹಿಡಿದು ಮೈಯನ್ನು ಎಳೆದುಕೊಳ್ಳುತ್ತಾರೆ, ನಡಿಗೆ ಬಾತುಕೋಳಿಯಂತಾಗುತ್ತದೆ. ಇಂಥವರಿಗೆ ವಿಟಮಿನ್ ಡಿ ಕೊಟ್ಟಾಗ ಕೆಲವು ವಾರಗಳಲ್ಲಿ ಆಗುವ ಬದಲಾವಣೆಯನ್ನು ಕಂಡ ವೈದ್ಯರಿಗೆ ಆ ಪಾಕೀಟಿನ ಮೇಲೆ ಭಕ್ತಿ ಹುಟ್ಟುವುದು ಸಹಜ, ನನಗೂ ಹುಟ್ಟಿತ್ತು. ಆದರೆ ಮೊಣಕಾಲಿನ ಸವೆತದ ಬೇನೆ ಇದರಿಂದ ಹೋಗುವುದಿಲ್ಲ. ನಮ್ಮಲ್ಲಿ ಅತಿ ಹೆಚ್ಚು ಪಾಕೀಟು ಖರ್ಚಾಗುವುದು ಆ ಬೇನೆಗೇ.

ಇನ್ನು ದೊಡ್ಡ ಪ್ರಯೋಗಗಳ ಮಾತು. 1992ರಲ್ಲಿ ಫ್ರಾನ್ಸಿನ ವೃದ್ಧಾಶ್ರಮಗಳಲ್ಲಿದ್ದ 3,270 ಮಹಿಳೆಯರ ಮೇಲೆ ನಡೆದ ಪ್ರಯೋಗದ ಫಲ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 84. ದಿನಕ್ಕೆ 800 ಯೂನಿಟ್ ವಿಟಮಿನ್ ಡಿ ಮತ್ತು 1,200 ಮಿಲಿಗ್ರಾಂ ಕ್ಯಾಲ್ಸಿಯಂ ಪಡೆದವರಲ್ಲಿ, ಹದಿನೆಂಟು ತಿಂಗಳಲ್ಲಿ, ಸೊಂಟದ ಎಲುಬು ಮುರಿತ ಪ್ರತಿಶತ 43ರಷ್ಟು ಕಡಿಮೆಯಾಗಿತ್ತು. ಜಗತ್ತು ಈ ಫಲವನ್ನು ಕೊಂಡಾಡಿತು. ಮುಂದೆ 2006ರಲ್ಲಿ ಅಮೆರಿಕದಲ್ಲಿ ಮುಟ್ಟು ನಿಂತ 36,282 ಮಹಿಳೆಯರ ಮೇಲೆ 400 ಯೂನಿಟ್ ಹಾಗೂ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ಸೊಂಟದ ಮುರಿತದಲ್ಲಿ ಗಣನೀಯ ಇಳಿಕೆ ಕಾಣಲಿಲ್ಲ, ಮೂತ್ರಪಿಂಡದ ಕಲ್ಲು ಮಾತ್ರ ಪ್ರತಿಶತ 17ರಷ್ಟು ಹೆಚ್ಚಾಯಿತು. ಆಮೇಲೆ ವೈಟಲ್ ಎಂಬ ಪ್ರಯೋಗ: 25,871 ಜನ, ದಿನಕ್ಕೆ 2,000 ಯೂನಿಟ್, ಐದು ವರ್ಷಕ್ಕೂ ಮಿಕ್ಕಿದ ಅವಧಿ. ಕ್ಯಾನ್ಸರ್ ಬರುವುದು ತಗ್ಗಲಿಲ್ಲ, ಹೃದಯಾಘಾತ ತಗ್ಗಲಿಲ್ಲ. 2022ರಲ್ಲಿ ಬಂದ ಎಲುಬಿನ ಲೆಕ್ಕದಲ್ಲಿ ಮುರಿತವೂ ತಗ್ಗಿರಲಿಲ್ಲ. ಪತ್ರಿಕೆಗಳು "ವಿಟಮಿನ್ ಡಿ ವ್ಯರ್ಥ" ಎಂದು ಬರೆದವು.

ಈ ತಲೆಬರಹವನ್ನು ನಾನು ಒಪ್ಪುವುದಿಲ್ಲ. ಫ್ರಾನ್ಸಿನ ಆ ಅಜ್ಜಿಯರು ಹೊರಗೆ ಬಾರದವರು, ರಕ್ತದ ಮಟ್ಟ ತೀರ ಕೆಳಗಿದ್ದವರು. ವೈಟಲ್‌ನಲ್ಲಿ ಸೇರಿದವರು ಐವತ್ತರಿಂದ ಮೇಲಿನ, ಓಡಾಡಿಕೊಂಡಿದ್ದ ಜನ. ಶುರುವಿನಲ್ಲೇ ಅವರ ಸರಾಸರಿ ಮಟ್ಟ ಮಿಲಿಲೀಟರಿಗೆ 30 ನ್ಯಾನೊಗ್ರಾಂ ಇತ್ತು. ಹೊಟ್ಟೆ ತುಂಬಿದವರಿಗೆ ಮತ್ತೆ ಬಡಿಸಿ, ಊಟದಿಂದ ಏನೂ ಲಾಭವಿಲ್ಲ ಎಂದು ತೀರ್ಪು ಕೊಟ್ಟಂತಾಯಿತು. ಇನ್ನೊಂದು ತೊಡಕನ್ನೂ ಇಲ್ಲೇ ಹೇಳಬೇಕು. ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಇರುವವರಲ್ಲಿ ಸಕ್ಕರೆ ರೋಗ, ಹೃದ್ರೋಗ, ಮರೆವು ಎಲ್ಲವೂ ಹೆಚ್ಚೆಂದು ನೂರಾರು ವರದಿಗಳು ಹೇಳುತ್ತವೆ. ಆದರೆ ರೋಗಿಷ್ಟರು ಮನೆಯೊಳಗೇ ಇರುತ್ತಾರೆ, ಒಳಗೇ ಇದ್ದವರ ಮಟ್ಟ ಇಳಿಯುತ್ತದೆ. ಅನೇಕ ಸಲ ಮಟ್ಟ ಇಳಿದಿರುವುದು ರೋಗದ ಹಿಂದೆ ಬಂದ ನೆರಳು. ನೆರಳಿಗೆ ಮದ್ದು ಕೊಟ್ಟರೆ ರೋಗ ಹೋಗದು.

ದೊಡ್ಡ ಪ್ರಮಾಣದ ಕಥೆ ಇದಕ್ಕಿಂತ ಗಂಭೀರ. ದಿನದಿನ ಗುಳಿಗೆ ನುಂಗುವ ರಗಳೆ ಏಕೆ, ವರ್ಷಕ್ಕೊಮ್ಮೆ ಒಟ್ಟಿಗೆ ಕೊಟ್ಟುಬಿಡೋಣ ಎಂದು ಆಸ್ಟ್ರೇಲಿಯಾದಲ್ಲಿ ಎಪ್ಪತ್ತು ದಾಟಿದ 2,256 ಮಹಿಳೆಯರ ಮೇಲೆ ಪ್ರಯೋಗ ಮಾಡಿದರು. ವರ್ಷಕ್ಕೆ ಒಂದೇ ಸಲ 5 ಲಕ್ಷ ಯೂನಿಟ್. 2010ರಲ್ಲಿ ಫಲ ಬಂದಾಗ ಎಲ್ಲರೂ ದಂಗಾದರು: ಔಷಧ ಪಡೆದವರೇ ಪ್ರತಿಶತ 15ರಷ್ಟು ಹೆಚ್ಚು ಬಿದ್ದಿದ್ದರು, ಪ್ರತಿಶತ 26ರಷ್ಟು ಹೆಚ್ಚು ಎಲುಬು ಮುರಿದುಕೊಂಡಿದ್ದರು. 2016ರಲ್ಲಿ ಜ್ಯೂರಿಚ್‌ನಿಂದ ಬಂದ ವರದಿ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿ ತಿಂಗಳಿಗೊಮ್ಮೆ ಕೊಟ್ಟ ಪ್ರಮಾಣ ನಮ್ಮ ಪಾಕೀಟಿನಷ್ಟೇ, 60,000 ಯೂನಿಟ್. ಹಿಂದೊಮ್ಮೆ ಬಿದ್ದಿದ್ದ, ಎಪ್ಪತ್ತು ದಾಟಿದ ಇನ್ನೂರು ಜನರಲ್ಲಿ 24,000 ಪಡೆದ ಗುಂಪಿನಲ್ಲಿ ವರ್ಷದೊಳಗೆ ಬಿದ್ದವರು ಪ್ರತಿಶತ 48, ಅರವತ್ತು ಸಾವಿರದ ಗುಂಪಿನಲ್ಲಿ 67. ನಮ್ಮ ಮಾಸ್ತರರು ಅದನ್ನು ತಿಂಗಳಿಗಲ್ಲ, ವಾರಕ್ಕೆ ತೆಗೆದುಕೊಳ್ಳುತ್ತಿದ್ದರು. ಬೀಳದಿರಲಿ ಎಂದು ಕೊಟ್ಟ ಮದ್ದೇ ಬೀಳಿಸಿತೆಂಬುದನ್ನು ಓದಿದ ದಿನ ನಾನು ನನ್ನ ಹಳೆಯ ಚೀಟಿಗಳನ್ನು ನೆನೆದು ತುಸು ನಾಚಿಕೊಂಡದ್ದುಂಟು.

ಕೆಲಗೇರಿ ಕೆರೆಯನ್ನು ನೀವೆಲ್ಲ ನೋಡಿದ್ದೀರಿ. ಕೆರೆ ಎಂದ ಮೇಲೆ ಕೋಡಿ ಇರಬೇಕು, ಹೆಚ್ಚಾದ ನೀರು ಹರಿದುಹೋಗಬೇಕು. ಬಿ ಮತ್ತು ಸಿ ವಿಟಮಿನ್‌ಗಳಿಗೆ ಮೈಯಲ್ಲಿ ಕೋಡಿಯಿದೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗಿ ಕೂಡುವಂಥದ್ದು, ಅದಕ್ಕೆ ಕೋಡಿಯಿಲ್ಲ. ಮಿತಿಮೀರಿ ತುಂಬಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ಹಸಿವಿಲ್ಲ, ಮಲಬದ್ಧತೆ, ಬಾಯಾರಿಕೆ, ರಾತ್ರಿ ಮೂರು-ನಾಲ್ಕು ಸಲ ಮೂತ್ರ, ವಾಂತಿ, ಕೊನೆಗೆ ಬುದ್ಧಿಭ್ರಮಣೆ ಮತ್ತು ಮೂತ್ರಪಿಂಡದ ಸೋಲು. ಇವನ್ನೆಲ್ಲ ಮನೆಯವರು "ವಯಸ್ಸಾಯ್ತಲ್ಲ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವುದೇ ದೊಡ್ಡ ಅಪಾಯ. ಬಾಯಿಂದ ಕೊಡುವ ಪುಡಿಯ ಮೇಲೆ 6 ಲಕ್ಷ ಯೂನಿಟ್‌ನ ಚುಚ್ಚುಮದ್ದನ್ನೂ ಪದೇಪದೇ ಹಾಕಿಸಿಕೊಂಡವರನ್ನು ನಾನು ನೋಡಿದ್ದೇನೆ. ಮಾಸ್ತರರ ರಕ್ತ ಪರೀಕ್ಷೆ ಮಾಡಿಸಿದೆವು. ವಿಟಮಿನ್ ಡಿ 112 ನ್ಯಾನೊಗ್ರಾಂ, ಕ್ಯಾಲ್ಸಿಯಂ ಮೇಲಿನ ಗೆರೆಗೆ ತಾಗಿಕೊಂಡಿತ್ತು. ಪಾಕೀಟು ನಿಂತಿದೆ, ಎರಡು ವರ್ಷದಿಂದ ಕಾಡುತ್ತಿದ್ದ ಮಲಬದ್ಧತೆಯೂ ಇಳಿಯುತ್ತಿದೆ. ಅವರ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ. ಅವರು ಮೂರನೆಯ ಸಾಲಿನಲ್ಲಿ ಕೂತು ನಗುತ್ತಿದ್ದಾರೆ.

ಪರೀಕ್ಷೆಯ ಅಂಕಿಯ ಬಗ್ಗೆ ಒಂದು ಮಾತು. ಲ್ಯಾಬಿನ ಕಾಗದದಲ್ಲಿ 30ರ ಕೆಳಗಿದ್ದರೆ ದಪ್ಪಕ್ಷರದಲ್ಲಿ "ಕಡಿಮೆ" ಎಂದು ಬರುತ್ತದೆ, 24 ಬಂದವರು ಆ ರಾತ್ರಿ ನಿದ್ದೆ ಮಾಡುವುದಿಲ್ಲ. ಆ 30ರ ಗೆರೆಯನ್ನು 2011ರಲ್ಲಿ ಎಳೆದದ್ದು ಅಮೆರಿಕದ ಹಾರ್ಮೋನು ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿ. 2024ರ ಹೊಸ ಮಾರ್ಗಸೂಚಿಯಲ್ಲಿ ಅದೇ ಸಂಸ್ಥೆ ಆ ಗೆರೆಯನ್ನು ಕೈಬಿಟ್ಟಿದೆ. ಲ್ಯಾಬಿನ ಕಾಗದಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ. 20 ನ್ಯಾನೊಗ್ರಾಂ ಎಂಬುದು ಬಹುತೇಕ ಎಲ್ಲರಿಗೂ ಸಾಕಾಗುವ ಮಟ್ಟ. ಆರೋಗ್ಯವಾಗಿರುವವರು ಸುಮ್ಮನೆ ಪರೀಕ್ಷೆ ಮಾಡಿಸುವುದು ಬೇಡ, 75 ದಾಟಿದವರು ಪರೀಕ್ಷೆಯಿಲ್ಲದೆಯೇ ಸಾಧಾರಣ ಪ್ರಮಾಣದ ವಿಟಮಿನ್ ಡಿ ತೆಗೆದುಕೊಳ್ಳಬಹುದು, ಅದೂ ಅಪರೂಪಕ್ಕೊಮ್ಮೆ ದೊಡ್ಡದಾಗಿ ಅಲ್ಲ, ದಿನದಿನ ಸಣ್ಣದಾಗಿ ಎಂದು ಆ ಮಾರ್ಗಸೂಚಿ ಹೇಳುತ್ತದೆ. ನನ್ನ ಅನುಭವಕ್ಕೂ ಇದು ಹೊಂದುತ್ತದೆ. ಹೊರಗೆ ಹೋಗಲಾಗದವರು, ಸಣ್ಣ ಪೆಟ್ಟಿಗೆ ಎಲುಬು ಮುರಿದುಕೊಂಡವರು, ಅಪಸ್ಮಾರದ ಕೆಲವು ಗುಳಿಗೆಗಳನ್ನು ಅಥವಾ ಸ್ಟೀರಾಯ್ಡನ್ನು ಬಹುಕಾಲದಿಂದ ತೆಗೆದುಕೊಳ್ಳುತ್ತಿರುವವರು ವಯಸ್ಸು ನೋಡದೆ ವೈದ್ಯರನ್ನು ಕೇಳಬೇಕು. ಮೂತ್ರಪಿಂಡದ ಕಲ್ಲು ಅಥವಾ ಕಾಯಿಲೆ ಇದ್ದವರು, ರಕ್ತದೊತ್ತಡಕ್ಕೆ ಥಯಾಜೈಡ್ ಬಗೆಯ ನೀರಿನ ಗುಳಿಗೆ ತೆಗೆದುಕೊಳ್ಳುವವರು ಕೇಳದೆ ಮುಟ್ಟಬಾರದು, ಆ ಗುಳಿಗೆ ಕ್ಯಾಲ್ಸಿಯಮ್ಮನ್ನು ಮೈಯಲ್ಲೇ ಹಿಡಿದಿಡುತ್ತದೆ.

ವಿಟಮಿನ್ ಡಿ ಎಷ್ಟಿದ್ದರೂ ಹೀರಲು ಕ್ಯಾಲ್ಸಿಯಂ ಬೇಕಲ್ಲ. ನಮ್ಮ ಜೋಳದ ರೊಟ್ಟಿ ಎಲ್ಲದರಲ್ಲೂ ಒಳ್ಳೆಯದು, ಇದೊಂದನ್ನು ಬಿಟ್ಟು: ನೂರು ಗ್ರಾಂ ಜೋಳದಲ್ಲಿ ಮೂವತ್ತು ಮಿಲಿಗ್ರಾಂ ಕ್ಯಾಲ್ಸಿಯಮ್ಮೂ ಇಲ್ಲ, ರಾಗಿಯಲ್ಲಿ ಮುನ್ನೂರಕ್ಕೆ ಮೀರಿ ಇದೆ. ದಿನಕ್ಕೆ ಬೇಕಾದದ್ದು 1,000ದಿಂದ 1,200 ಮಿಲಿಗ್ರಾಂ. ಆ ಕೊರತೆಯನ್ನು ನಮ್ಮ ತಾಟಿನಲ್ಲಿ ತುಂಬುತ್ತಿದ್ದದ್ದು ಬದಿಯಲ್ಲಿದ್ದ ಗಟ್ಟಿ ಮೊಸರು, ಗುರೆಳ್ಳು ಚಟ್ನಿಪುಡಿ, ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿರೊಟ್ಟಿ. ನೂರು ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂ ದಾಟುತ್ತದೆ, ಎಲ್ಲವೂ ಮೈಗೆ ಸೇರದಿದ್ದರೂ. ಹಲ್ಲಿಲ್ಲವೆಂದು ಚಹಾದಲ್ಲಿ ಬ್ರೆಡ್ ಅದ್ದಿ ತಿನ್ನುವ ಹಿರಿಯರು ರೊಟ್ಟಿಯ ಜೊತೆಗೆ ಈ ಬದಿಯ ಪದಾರ್ಥಗಳನ್ನೂ ಬಿಟ್ಟಿದ್ದಾರೆ. ಮೊಸರಿಗೆ ಹಲ್ಲು ಬೇಕಿಲ್ಲ.

ಬೀಳುವುದಕ್ಕೆ ವಿಟಮಿನ್ನಿಗಿಂತ ಹತ್ತಿರದ ಕಾರಣಗಳಿರುತ್ತವೆ: ಸಾಬೂನು ಜಾರಿದ ಬಚ್ಚಲು, ಕಣ್ಣಿನ ಪೊರೆ, ನಿದ್ದೆಯ ಗುಳಿಗೆ, ಎತ್ತರದ ಹೊಸ್ತಿಲು, ಎದ್ದು ನಿಂತೊಡನೆ ಇಳಿಯುವ ರಕ್ತದೊತ್ತಡ. ಬಚ್ಚಲಲ್ಲಿ ಒಂದು ಹಿಡಿಕೆ ಹಾಕಿಸಲು ಆಗುವ ಖರ್ಚು ಒಂದು ರಕ್ತ ಪರೀಕ್ಷೆಯಷ್ಟೇ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂಡುವ ಅಭ್ಯಾಸವನ್ನು ಬೆಳಿಗ್ಗೆ-ಸಂಜೆ ಮಾಡಿದರೆ ತೊಡೆಯ ಸ್ನಾಯು ಗಟ್ಟಿಯಾಗುತ್ತದೆ. ಮೊದಮೊದಲು ಕುರ್ಚಿಯನ್ನು ಗೋಡೆಗೆ ಆನಿಸಿಡಿ, ಮನೆಯವರೊಬ್ಬರು ಹತ್ತಿರ ಇರಲಿ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು: "ನಮ್ಮ ಯಜಮಾನರು ಹೋದ ಶ್ರಾವಣದಾಗ ಬಿದ್ದು ಸೊಂಟದ ಎಲುಬು ಮುರೀತ್ರಿ. ಆಪರೇಶನ್ ಆತು. ಈ ಪುಡಿ ಒಂದ ಬರದು ಕೊಟ್ಟಾರ. ಇಷ್ಟ ಸಾಕೇನ್ರಿ?" ಸಾಕಾಗುವುದಿಲ್ಲ. ಸೊಂಟ ಮುರಿದವರಿಗೆ ಎರಡನೆಯ ಮುರಿತದ ಭಯ ಎಲ್ಲರಿಗಿಂತ ಹೆಚ್ಚು, ಅವರಿಗೆ ಎಲುಬನ್ನೇ ಗಟ್ಟಿಮಾಡುವ ಔಷಧ ಬೇಕು. ಸೊಂಟದ ಶಸ್ತ್ರಕ್ರಿಯೆಯಾದ 2,127 ಜನರಲ್ಲಿ ಅರ್ಧದಷ್ಟು ಮಂದಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಎಂಬ ಔಷಧವನ್ನು ಸಲೈನಿನ ಹಾಗೆ ರಕ್ತನಾಳಕ್ಕೆ ಕೊಟ್ಟು, ಕೊಡದವರೊಂದಿಗೆ ಹೋಲಿಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು; ಹೊಸ ಮುರಿತಗಳು ಪ್ರತಿಶತ 35, ಸಾವು ಪ್ರತಿಶತ 28 ಕಡಿಮೆಯಾಗಿದ್ದವು. ಆ ಔಷಧಕ್ಕೆ ಮುಂಚೆ ವಿಟಮಿನ್ ಡಿ ಮತ್ತು ಕ್ಯಾಲ್ಸಿಯಂ ಸರಿಯಿರಬೇಕು, ಇಲ್ಲದಿದ್ದರೆ ರಕ್ತದ ಕ್ಯಾಲ್ಸಿಯಂ ದಿಢೀರನೆ ಕುಸಿಯಬಹುದು. ಮೂತ್ರಪಿಂಡದ ಪರೀಕ್ಷೆಯೂ ಆಗಬೇಕು. ಪುಡಿಯ ಕೆಲಸ ಅಲ್ಲಿ ಅಷ್ಟು, ನೆಲ ಹದಮಾಡುವುದು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಕಾಗದ ಮತ್ತು ಈಗ ನಡೆದಿರುವ ಎಲ್ಲ ಗುಳಿಗೆಗಳ ಚೀಲವನ್ನು ತೆಗೆದುಕೊಂಡು, ಆಪರೇಶನ್ ಮಾಡಿದ ವೈದ್ಯರ ಬಳಿಗೆ ಈ ವಾರವೇ ಹೋಗಿ ಎಂದು ಅವರಿಗೆ ಹೇಳಿದೆ. ಔಷಧದ ಹೆಸರನ್ನು ಚೀಟಿಯಲ್ಲಿ ಬರೆದುಕೊಟ್ಟೆ; ಅದರ ಕೆಳಗೆ, ಪುಡಿಯನ್ನು ನಿಲ್ಲಿಸುವ ದಿನ ಯಾವುದೆಂದು ಕೇಳಿ ಬರೆಸಿಕೊಳ್ಳಲು ಒಂದು ಖಾಲಿ ಗೆರೆ ಎಳೆದೆ.